ಕ್ಯಾಮೆರಾ ಎಷ್ಟು ನಿರ್ಧರಿಸಬೇಕು, ನಾವು ಎಷ್ಟು?

(ವಿಜಯಪುರದ ಹವ್ಯಾಸಿ ಛಾಯಾಗ್ರಾಹಕ ಗೆಳೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ಶರಣು.

1855ರಲ್ಲಿ ಮುಂಬಯಿ ಸರ್ಕಾರ ತನ್ನ ಫಿರಂಗಿ ದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್ ಅವರನ್ನು ಫೋಟೊ ತೆಗೆಯುವ ಕೆಲಸಕ್ಕೆಂದೇ ನೇಮಿಸಿತು. ಅವರು ನಮ್ಮ ವಿಜಯಪುರಕ್ಕೆ ಬಂದರು. ಬಾದಾಮಿ, ಐಹೊಳೆಗಳನ್ನೂ ಸುತ್ತಿದರು. ಆಗ ಫಿಲ್ಮ್ ಇರಲಿಲ್ಲ. ಅವರು ಬಳಸಿದ್ದು ಕಾಗದದ ನೆಗೆಟಿವ್. ಒಳ್ಳೆಯ ಕಾಗದಕ್ಕೆ ಬೆಳ್ಳಿಯ ಲವಣ ಹಚ್ಚಬೇಕು, ದೊಡ್ಡ ಮರದ ಕ್ಯಾಮೆರಾದಲ್ಲಿ ಇಡಬೇಕು, ಲೆನ್ಸಿನ ಮುಚ್ಚಳ ತೆಗೆದು ನಿಮಿಷಗಟ್ಟಲೆ ಕಾಯಬೇಕು. ಅವರೂ ಅವರ ನಂತರ ಬಂದವರೂ ತೆಗೆದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಪುಸ್ತಕಗಳಾಗಿ ಬಂದವು.

ಆ ಕಾಲದ ಚಿತ್ರಗಳನ್ನು ನೋಡುವಾಗ ಎರಡು ಸಂಗತಿ ನೆನಪಿಡಬೇಕು. ಮೊದಲನೆಯದು, ನಿಮಿಷಗಟ್ಟಲೆ ಮುಚ್ಚಳ ತೆರೆದಿಟ್ಟರೆ ನಡೆದಾಡುವವರು ಚಿತ್ರದಲ್ಲಿ ಮೂಡುವುದಿಲ್ಲ. ಅಲುಗಾಡದೆ ನಿಂತವರು ಮಾತ್ರ ಸಿಗುತ್ತಾರೆ. ಆಗ ವಿಜಯಪುರದ ಬಹುಭಾಗ ಹಾಳು ಬಿದ್ದಿದ್ದು ನಿಜ. ಆದರೆ ಇದ್ದ ಜನರನ್ನೂ, ಎತ್ತಿನ ಗಾಡಿಗಳನ್ನೂ ಆ ಕಾಗದ ಹಿಡಿಯುತ್ತಿರಲಿಲ್ಲ. ಹಾಗಾಗಿ ಊರು ಇದ್ದದ್ದಕ್ಕಿಂತ ಜಾಸ್ತಿ ಖಾಲಿಯಾಗಿ ಕಾಣುತ್ತದೆ. ಎರಡನೆಯದು, ಆ ಲೇಪಕ್ಕೆ ನೀಲಿ ಬೆಳಕು ಗೊತ್ತಾಗುತ್ತಿತ್ತು, ಕೆಂಪು ಗೊತ್ತಾಗುತ್ತಿರಲಿಲ್ಲ. ಆಕಾಶ ಬರೀ ಬೆಳ್ಳಗೆ ಬರುತ್ತಿತ್ತು. ಕೆಂಪು ಕಲ್ಲು ಕಪ್ಪಾಗಿ ಬರುತ್ತಿತ್ತು. ಸಂಜೆ ಬಿಸಿಲಿಗೆ ಉರಿಯುವ ಹಾಗೆ ಕಾಣುವ ಬಾದಾಮಿಯ ಬಂಡೆಯನ್ನು ನೆನಪಿಸಿಕೊಳ್ಳಿ. ಕಣ್ಣಿಗೆ ಬೆಳಗುವ ಆ ಬಣ್ಣ ಆಗಿನ ಕ್ಯಾಮೆರಾಗೆ ಕತ್ತಲೆ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ಕ್ಯಾಮೆರಾ ಸುಮ್ನೆ ಇದ್ದದ್ದನ್ನು ಇದ್ದ ಹಾಗೆ ತೋರಿಸುವ ಪೆಟ್ಟಿಗೆ ಅಲ್ಲ. ಪ್ರತಿಯೊಂದು ಕ್ಯಾಮೆರಾ ನಮ್ಮ ಪರವಾಗಿ ಏನನ್ನೋ ನಿರ್ಧರಿಸುತ್ತದೆ. ಏನು ಕಾಣಬೇಕು, ಏನು ಮರೆಯಾಗಬೇಕು, ಯಾವುದು ಬೆಳಗಬೇಕು ಎಂಬುದರಲ್ಲಿ ಅದರ ಪಾಲು ಇದ್ದೇ ಇರುತ್ತದೆ. ಹವ್ಯಾಸಿಗಳು ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಹೋಗುವುದು, ಅರವತ್ತು ವರ್ಷದ ಹಳೆಯದನ್ನೂ ಮೊನ್ನೆ ಬಂದ ಹೊಸದನ್ನೂ ಒಂದೇ ಚೀಲದಲ್ಲಿ ಇಟ್ಟುಕೊಳ್ಳುವುದು ಇದೇ ಕಾರಣಕ್ಕೆ ಎಂದು ನನ್ನ ನಂಬಿಕೆ. ಕ್ಯಾಮೆರಾದ ಪಾಲು ಎಷ್ಟು, ನನ್ನ ಪಾಲು ಎಷ್ಟು ಎಂದು ನಾವೇ ಆರಿಸಿಕೊಳ್ಳುತ್ತೇವೆ. ಆ ಆಯ್ಕೆಯ ಖುಷಿಯೇ ಈ ಹವ್ಯಾಸದ ಜೀವ.

ನಮ್ಮ ಕಡೆ ಮನೆಗಳಿಗೆ ಬಂದ ಕ್ಯಾಮೆರಾಗಳಲ್ಲಿ ಹಲವರಿಗೆ ನೆನಪಿರುವುದು ಆಗ್ಫಾ ಕ್ಲಿಕ್. ಬರೋಡಾದಲ್ಲಿ ತಯಾರಾಗುತ್ತಿತ್ತು. 120 ಅಳತೆಯ ರೋಲು ಹಾಕಿದರೆ ಹನ್ನೆರಡು ಚೌಕ ಚಿತ್ರ. ಅದರ ತಮ್ಮನಂತಿದ್ದ ಐಸೊಲಿಯಲ್ಲಿ ಅದೇ ರೋಲಿಗೆ ಹದಿನಾರು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಕಪ್ಪು ಬಿಳುಪು ರೋಲು ಆಗ ಸಿಗುತ್ತಿತ್ತು. ಕ್ಲಿಕ್ಕಿನಲ್ಲಿ ತಿರುಗಿಸಲು ಹೆಚ್ಚೇನೂ ಇರಲಿಲ್ಲ. ಬಿಸಿಲಿನ ಗುರುತು, ಮೋಡದ ಗುರುತು, ಅಷ್ಟೆ. ಅಂದರೆ ಬೆಳಕಿನ ಲೆಕ್ಕವನ್ನು ಬಹುಪಾಲು ಕಾರ್ಖಾನೆಯೇ ಮಾಡಿ ಮುಗಿಸಿತ್ತು. ನಮಗೆ ಉಳಿದದ್ದು ಒಂದೇ: ಈ ಹನ್ನೆರಡರಲ್ಲಿ ಒಂದನ್ನು ಈಗ ಖರ್ಚು ಮಾಡಬೇಕೋ ಬೇಡವೋ. ಹಳೆಯ ಆಲ್ಬಮ್ಮುಗಳಲ್ಲಿ ಎಲ್ಲರೂ ಅಷ್ಟು ನೆಟ್ಟಗೆ, ಗಂಭೀರವಾಗಿ ನಿಂತಿರುತ್ತಾರಲ್ಲ, ಆ ಹನ್ನೆರಡರ ಲೆಕ್ಕವೂ ಅದಕ್ಕೆ ಒಂದು ಕಾರಣ. ಅಜ್ಜಿಗೆ ಇಳಕಲ್ ಸೀರೆ ಉಡಿಸಿ, ಮೊಮ್ಮಕ್ಕಳ ತಲೆ ಬಾಚಿ, ಬಿಸಿಲಿಗೆ ತಂದು ನಿಲ್ಲಿಸಿ ತೆಗೆದದ್ದು ಅದು.

ಸ್ಟುಡಿಯೊದವರ ಕೈಯಲ್ಲಿ ಇದ್ದದ್ದು ಬೇರೆ. ಯಾಶಿಕಾದ ಎರಡು ಕಣ್ಣಿನ ಕ್ಯಾಮೆರಾ. ಮೇಲಿನ ಲೆನ್ಸು ನೋಡಲಿಕ್ಕೆ, ಕೆಳಗಿನದು ಚಿತ್ರ ತೆಗೆಯಲಿಕ್ಕೆ. ಇದನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿಯಿರಿ. ಹೊಟ್ಟೆಯ ಮಟ್ಟದಲ್ಲಿ ಹಿಡಿದು, ತಲೆ ಬಗ್ಗಿಸಿ, ಮೇಲಿನ ಗಾಜಿನಲ್ಲಿ ನೋಡಬೇಕು. ಅಲ್ಲಿ ಎಡ ಬಲ ಅದಲು ಬದಲಾಗಿ ಕಾಣುತ್ತದೆ. ಜನ ಎಡಕ್ಕೆ ಸರಿದರೆ ಗಾಜಿನಲ್ಲಿ ಬಲಕ್ಕೆ ಸರಿಯುತ್ತಾರೆ. ಮೊದಮೊದಲು ಎಲ್ಲರೂ ತಡವರಿಸುತ್ತಾರೆ. ಆಮೇಲೆ ಅದೇ ಒಂದು ಲಾಭವಾಗುತ್ತದೆ. ಎದುರಿಗೆ ಇರುವುದನ್ನು ಸೀರೆ, ಮುಖ, ಬಾಗಿಲು ಎಂದು ಓದುವುದು ಬಿಟ್ಟು ಬೆಳಕು ಎಲ್ಲಿದೆ, ಕತ್ತಲೆ ಎಲ್ಲಿದೆ ಎಂದು ಕಣ್ಣು ಹುಡುಕುತ್ತದೆ. ಇನ್ನೊಂದು ಮಾತು. ತಲೆ ತಗ್ಗಿಸಿದವರನ್ನು ಕಂಡರೆ ಜನಕ್ಕೆ ಸಂಕೋಚ ಕಡಿಮೆ. ಮುಖದ ಮುಂದೆ ಕ್ಯಾಮೆರಾ ಹಿಡಿದು ದಿಟ್ಟಿಸುವವನ ಎದುರು ಇರುವ ಬಿಗಿ ಇಲ್ಲಿ ಇರುವುದಿಲ್ಲ. ಸಿದ್ಧೇಶ್ವರ ಜಾತ್ರೆಗೆ ಬಂದ ಹಿರಿಯರ ಚಿತ್ರ ತೆಗೆಯಬೇಕೆಂದರೆ ನನ್ನ ಮಟ್ಟಿಗೆ ಈಗಲೂ ಇದಕ್ಕಿಂತ ಒಳ್ಳೆಯ ಕ್ಯಾಮೆರಾ ಇಲ್ಲ.

ಈಗ 35 ಮಿಲಿಮೀಟರ್ ಫಿಲ್ಮಿನ ಕ್ಯಾಮೆರಾಗಳಿಗೆ ಬರೋಣ. ಜರ್ಮನಿಯ ಆಸ್ಕರ್ ಬಾರ್ನಾಕ್ ಸಿನಿಮಾ ಫಿಲ್ಮನ್ನೇ ಬಳಸಿ ಒಂದು ಪುಟ್ಟ ಕ್ಯಾಮೆರಾ ಮಾಡಿದರು. 1925ರಲ್ಲಿ ಅದು ಲೈಕಾ ಎಂಬ ಹೆಸರಲ್ಲಿ ಮಾರುಕಟ್ಟೆಗೆ ಬಂತು. 24ಕ್ಕೆ 36 ಮಿಲಿಮೀಟರ್ ಎಂಬ ಆ ಚಿತ್ರದ ಅಳತೆಯನ್ನೇ ಇವತ್ತಿಗೂ ಫುಲ್ ಫ್ರೇಮ್ ಎನ್ನುತ್ತೇವೆ. ಸಭೆಯಲ್ಲಿ ಕೆಲವರ ಕೊರಳಲ್ಲಿ ಪೆಂಟಾಕ್ಸ್ ಕೆ1000, ನಿಕಾನ್ ಎಫ್ಎಂ2, ರಷ್ಯಾದ ಜೆನಿಟ್ ಕಾಣುತ್ತಿವೆ. ಕೆ1000 ಬಂದದ್ದು 1976ರಲ್ಲಿ. 1997ರವರೆಗೂ ತಯಾರಾಯಿತು. ಎಫ್ಎಂ2 ಬಂದದ್ದು 1982ರಲ್ಲಿ. ಸೆಕೆಂಡಿನ 1/4000 ಭಾಗದಷ್ಟು ವೇಗದ ಶಟರ್ (ಬೆಳಕನ್ನು ಕ್ಷಣ ಮಾತ್ರ ಒಳಗೆ ಬಿಡುವ ಬಾಗಿಲು), ಅದೂ ಪೂರ್ತಿ ಸ್ಪ್ರಿಂಗು, ಹಲ್ಲುಗಾಲಿಗಳ ಬಲದಲ್ಲಿ. ಈ ಎರಡರಲ್ಲೂ ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಬ್ಯಾಟರಿ ಸತ್ತರೂ ಕ್ಯಾಮೆರಾ ಸಾಯುವುದಿಲ್ಲ.

ಮೀಟರ್ ಇಲ್ಲದಿದ್ದರೂ ನಮ್ಮ ಊರಲ್ಲಿ ಚಿಂತೆ ಇಲ್ಲ. ಹಳಬರ ಒಂದು ಲೆಕ್ಕ ಇದೆ. ನೆರಳು ಚೂಪಾಗಿ ಬೀಳುವ ಬಿಸಿಲಿದ್ದರೆ ಅಪರ್ಚರ್, ಅಂದರೆ ಲೆನ್ಸಿನ ಕಿಂಡಿಯನ್ನು, 16ಕ್ಕೆ ಇಡಿ, ಶಟರನ್ನು ಫಿಲ್ಮಿನ ಐಎಸ್ಒ ಅಂಕಿಗೆ (ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಎಂದು ಹೇಳುವ ಅಂಕಿ) ಹತ್ತಿರ ಇಡಿ. ನೂರರ ಫಿಲ್ಮಾದರೆ 1/125. ಈ ಲೆಕ್ಕ ಮಲೆನಾಡಿನ ಮಳೆಗಾಲದಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು. ವಿಜಯಪುರದಲ್ಲಿ ವರ್ಷದ ಬಹುಪಾಲು ನಡೆಯುತ್ತದೆ. ಬೆಳಿಗ್ಗೆ ಒಮ್ಮೆ ನಿಮ್ಮ ನೆರಳನ್ನು ನೋಡಿ ಕ್ಯಾಮೆರಾ ಹೊಂದಿಸಿದರೆ ಸಾಕು, ಆಮೇಲೆ ಕಣ್ಣು ಚಿತ್ರದ ಮೇಲೆಯೇ ಇರುತ್ತದೆ.

ಆದರೆ ಮೀಟರನ್ನು ನಂಬಿ ಕೆಲಸ ಮಾಡುವವರು ಒಂದು ವಿಷಯ ಚೆನ್ನಾಗಿ ತಿಳಿಯಬೇಕು. ಹೊಸ ಕ್ಯಾಮೆರಾದವರಿಗೂ ಇದು ಅನ್ವಯಿಸುತ್ತದೆ. ಮೀಟರಿಗೆ ಎದುರಿಗೆ ಇರುವುದು ಏನು ಎಂದು ಗೊತ್ತಿರುವುದಿಲ್ಲ. ಎಲ್ಲವೂ ಸರಾಸರಿ ಬೂದು ಎಂದು ಅದು ಭಾವಿಸುತ್ತದೆ. ಬಿದ್ದ ಬೆಳಕಿನಲ್ಲಿ ಶೇ. 18ರಷ್ಟನ್ನು ವಾಪಸ್ ಕೊಡುವ ಬೂದು ಅದು. ಈಗ ಮಲಿಕ್-ಎ-ಮೈದಾನ್ ತೋಪಿನ ಮುಂದೆ ನಿಲ್ಲಿ. ಚಿತ್ರದ ತುಂಬ ಕಪ್ಪು ಲೋಹ. ಮೀಟರ್ ಅದನ್ನು ಬೂದು ಮಾಡಲು ಹೊರಡುತ್ತದೆ, ಬೆಳಕು ಜಾಸ್ತಿ ಬಿಡುತ್ತದೆ. ತೋಪು ಬಿಳಿಚಿಕೊಂಡು ಬರುತ್ತದೆ. ಇಬ್ರಾಹಿಂ ರೋಜಾದ ಕರಿಕಲ್ಲಿಗೂ ಇದೇ ಗತಿ. ಅಲ್ಲಿ ನೀವು ಬೆಳಕನ್ನು ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಕಡಿಮೆ ಮಾಡಿದರೆ ಮಾತ್ರ ಕಲ್ಲು ಕಲ್ಲಿನ ಹಾಗೆ, ಅದರ ಕೆತ್ತನೆಯ ನೆರಳು ನೆರಳಿನ ಹಾಗೆ ಸಿಗುತ್ತದೆ. ಜಾತ್ರೆಯಲ್ಲಿ ಬಿಳಿ ಧೋತರ, ಬಿಳಿ ಅಂಗಿ, ಬಿಳಿ ರುಮಾಲಿನ ಹಿರಿಯರ ಗುಂಪು ಬಂದರೆ ಎಲ್ಲ ಉಲ್ಟಾ. ಮೀಟರ್ ಆ ಬಿಳುಪನ್ನೂ ಬೂದು ಮಾಡುತ್ತದೆ. ಮುಖಗಳು ಕಪ್ಪಿಟ್ಟು ಹೋಗುತ್ತವೆ. ಅಲ್ಲಿ ಬೆಳಕು ಹೆಚ್ಚಿಸಬೇಕು. ಈಗಿನ ಕ್ಯಾಮೆರಾಗಳು ಮುಖ ಗುರುತಿಸಿ ಸ್ವಲ್ಪ ಸರಿ ಮಾಡಿಕೊಳ್ಳುತ್ತವೆ. ಆದರೂ ಕರಿಕಲ್ಲು ಎಷ್ಟು ಕಪ್ಪಾಗಿರಬೇಕು ಎಂಬುದು ಅವಕ್ಕೆ ಗೊತ್ತಿಲ್ಲ. ಅದು ಗೊತ್ತಿರುವುದು ಇಲ್ಲಿ ಹುಟ್ಟಿ ಬೆಳೆದ ನಿಮಗೆ.

ಕಪ್ಪು ಬಿಳುಪು ಫಿಲ್ಮಿನಲ್ಲಿ ಇದು ಇನ್ನೂ ಆಳಕ್ಕೆ ಹೋಗುತ್ತದೆ. ಬಿಗ್ಸ್ ಅವರ ಕಾಗದಕ್ಕೆ ಕೆಂಪು ಕಾಣುತ್ತಿರಲಿಲ್ಲ ಎಂದೆ. ಈಗಿನ ಫಿಲ್ಮಿಗೆ ಎಲ್ಲ ಬಣ್ಣವೂ ಗೊತ್ತು. ಹಾಗಾಗಿ ಫಿಲ್ಟರ್, ಅಂದರೆ ಲೆನ್ಸಿನ ಮುಂದೆ ಹಾಕುವ ಬಣ್ಣದ ಗಾಜು, ನಮ್ಮ ಕೈಗೆ ಬಂತು. ಲೆನ್ಸಿಗೆ ಕೆಂಪು ಫಿಲ್ಟರ್ ಹಾಕಿ ಬಾದಾಮಿಗೆ ಹೋಗಿ. ಅಗಸ್ತ್ಯ ಹೊಂಡದ ಆಚೆಯ ಬಂಡೆ ಬೆಳ್ಳಗೆ ಹೊಳೆಯುತ್ತದೆ, ನೀಲಿ ಆಕಾಶ ಕಪ್ಪಾಗುತ್ತದೆ. 1855ರ ಚಿತ್ರಕ್ಕೆ ಸರಿಯಾಗಿ ಎದುರು. ಅದೇ ಫಿಲ್ಟರ್ ತಂದು ಗೋಳಗುಮ್ಮಟದ ಮುಂದೆ ನಿಂತರೆ ಆಕಾಶ ಕಪ್ಪಾಗುತ್ತದೆ, ಬೂದು ಗೋಡೆ ಮಾತ್ರ ಬಂಡೆಯ ಹಾಗೆ ಹೊಳೆಯುವುದಿಲ್ಲ. ಕಾರಣ ಆ ಗೋಡೆಯಲ್ಲಿ ಕೆಂಪಿಲ್ಲ. ಬಣ್ಣವೇ ಇಲ್ಲದ ಚಿತ್ರದಲ್ಲಿ ಬಣ್ಣವನ್ನು ಇಷ್ಟು ಯೋಚಿಸಬೇಕಾಗುತ್ತದೆ. ನನಗೆ ಈ ಹವ್ಯಾಸದಲ್ಲಿ ಅತಿ ಪ್ರಿಯವಾದ ಭಾಗ ಇದು.

ಫಿಲ್ಮ್ ತೊಳೆಯುವುದರ ಬಗ್ಗೆಯೂ ಒಂದೆರಡು ಮಾತು. ಕಪ್ಪು ಬಿಳುಪು ಫಿಲ್ಮನ್ನು ಮನೆಯಲ್ಲೇ ತೊಳೆಯಬಹುದು. ಕತ್ತಲೆಯಲ್ಲಿ ಡಬ್ಬಿಗೆ ಹಾಕಿಬಿಟ್ಟರೆ ಮುಂದಿನದೆಲ್ಲ ಬೆಳಕಿನಲ್ಲೇ. ಮೊದಲು ಚಿತ್ರ ಮೂಡಿಸುವ ಡೆವಲಪರ್, ಕೊನೆಗೆ ಅದನ್ನು ಅಳಿಯದಂತೆ ಉಳಿಸುವ ಹೈಪೊ. ಹೈಪೊ ಬೆಳ್ಳಿಯ ಲವಣವನ್ನು ಕರಗಿಸುತ್ತದೆ ಎಂದು ಜಾನ್ ಹರ್ಷೆಲ್ ಎಂಬ ವಿಜ್ಞಾನಿ ಕಂಡದ್ದು 1819ರಲ್ಲಿ, ಫೋಟೊಗ್ರಫಿ ಜಗತ್ತಿಗೆ ಗೊತ್ತಾಗುವುದಕ್ಕೂ ಇಪ್ಪತ್ತು ವರ್ಷ ಮೊದಲು. ಪ್ಯಾಕೆಟ್ಟಿನ ಮೇಲೆ 20 ಡಿಗ್ರಿಗೆ ಇಷ್ಟು ನಿಮಿಷ ಎಂದು ಬರೆದಿರುತ್ತದೆ. ನಮ್ಮ ಏಪ್ರಿಲ್ ತಿಂಗಳಲ್ಲಿ ನಳದ ನೀರು 20 ಡಿಗ್ರಿಗೆ ಎಲ್ಲಿ ಸಿಗಬೇಕು? ನೀರು ಬಿಸಿ ಇದ್ದಷ್ಟೂ ಡೆವಲಪರ್ ಬೇಗ ಕೆಲಸ ಮಾಡುತ್ತದೆ, ಸಮಯ ಕಡಿಮೆ ಮಾಡಬೇಕು. ತೀರಾ ಬಿಸಿಯಾದರೆ ಲೇಪವೇ ಮೆತ್ತಗಾಗುತ್ತದೆ. ಗಡಿಗೆಯ ನೀರು ಬಳಸಿ, ಡಬ್ಬಿಯನ್ನು ಮಂಜುಗಡ್ಡೆ ಹಾಕಿದ ಪಾತ್ರೆಯಲ್ಲಿ ನಿಲ್ಲಿಸಿ, 24 ಡಿಗ್ರಿಯ ಆಸುಪಾಸಿಗೆ ತಂದುಕೊಂಡು ಆ ಶಾಖಕ್ಕೆ ಕೊಟ್ಟ ಸಮಯ ಹಿಡಿದರೆ ಸರಿ ಹೋಗುತ್ತದೆ. ಕಲರ್ ಫಿಲ್ಮಿಗೆ ಬೇಕಾದದ್ದು ಸುಮಾರು 38 ಡಿಗ್ರಿ. ಅದಕ್ಕೆ ನಮ್ಮ ಬೇಸಿಗೆಯೇ ಅರ್ಧ ಕೆಲಸ ಮಾಡಿಕೊಡುತ್ತದೆ.

ಇಷ್ಟೊತ್ತು ಹಳೆಯದನ್ನು ಹೊಗಳಿದೆ. ಹಾಗಂತ ಹೊಸ ಕ್ಯಾಮೆರಾ ಕೀಳು ಎಂದು ಹೇಳುವವನು ನಾನಲ್ಲ. ಅಂಥ ಮಾತು ನನಗೆ ಬೇಸರ ತರಿಸುತ್ತದೆ. 1975ರಲ್ಲಿ ಕೊಡಾಕ್ ಕಂಪನಿಯ ಸ್ಟೀವನ್ ಸಾಸನ್ ಮಾಡಿದ ಮೊದಲ ಡಿಜಿಟಲ್ ಕ್ಯಾಮೆರಾ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆದುಕೊಳ್ಳಲು 23 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಚಿತ್ರದಲ್ಲಿ ಇದ್ದದ್ದು ಹತ್ತು ಸಾವಿರ ಚುಕ್ಕೆ. ಅಲ್ಲಿಂದ ಇಲ್ಲಿಗೆ ಬಂದ ದಾರಿ ಸಣ್ಣದಲ್ಲ.

ಗೋಳಗುಮ್ಮಟದ ಒಳಗೆ ಹೋಗಿ ನೋಡಿ. 1656ರಲ್ಲಿ ಮುಗಿದ ಆ ಕಟ್ಟಡದ ಒಳಗೆ ಹಗಲಲ್ಲೂ ಮಬ್ಬು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಬಳಸುವಂತಿಲ್ಲ. ನಾನೂರರ ಫಿಲ್ಮಿನಲ್ಲಿ ಕೈಯಲ್ಲಿ ಹಿಡಿದು ತೆಗೆದರೆ ಅಲುಗಾಡುತ್ತದೆ. ಈಗಿನ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾದಲ್ಲಿ ಐಎಸ್ಒ 6400 ಇಟ್ಟರೂ ಚಿತ್ರ ಹಾಳಾಗುವುದಿಲ್ಲ. ಕೈ ನಡುಗಿದರೆ ಫಿಲ್ಮಿನ ಜಾಗದಲ್ಲಿರುವ ಸೆನ್ಸರ್ ತಾನೇ ಸರಿದು ಅದನ್ನು ಸರಿದೂಗಿಸುತ್ತದೆ. ಆ ಗುಮ್ಮಟದ ಒಳಮೈಯ ಮೇಲೆ ಬೆಳಕು ಹೇಗೆ ಹರಡುತ್ತದೆ ಎಂಬುದನ್ನು ನಮ್ಮಂಥ ಸಾಮಾನ್ಯ ಹವ್ಯಾಸಿಗಳು ಸಲೀಸಾಗಿ ಹಿಡಿಯಲು ಆಗಿರುವುದು ಈ ಕಾಲದಲ್ಲೇ. ಆಲಮಟ್ಟಿ ಹಿನ್ನೀರಿಗೆ ಫ್ಲೆಮಿಂಗೊ ಬಂದಾಗಲೂ ಅಷ್ಟೆ. ಹಾರುವ ಹಕ್ಕಿಯ ಕಣ್ಣನ್ನು ಹುಡುಕಿ ಹಿಡಿದುಕೊಳ್ಳುವ ಫೋಕಸ್ ಇದ್ದರೆ ನಾವು ಹಕ್ಕಿಯ ಸಾಲು, ನೀರಿನ ಬಣ್ಣ, ಹಿಂದಿನ ದಡ ನೋಡಬಹುದು. ಒಂದು ಕೆಲಸವನ್ನು ಕ್ಯಾಮೆರಾಗೆ ಬಿಟ್ಟುಕೊಟ್ಟು ಇನ್ನೊಂದನ್ನು ನಾವು ಉಳಿಸಿಕೊಂಡೆವು. ಕಾರ ಹುಣ್ಣಿಮೆಗೆ ಕರಿ ಹರಿಯುವಾಗ ನಾನು ಹಳೆಯ ರೀತಿಯನ್ನೇ ಇಷ್ಟಪಡುತ್ತೇನೆ. ಎತ್ತು ಎಲ್ಲಿ ದಾಟುತ್ತದೆ ಎಂದು ಊಹಿಸಿ, ಆ ಜಾಗಕ್ಕೆ ಮೊದಲೇ ಫೋಕಸ್ ಮಾಡಿ, ಅಲ್ಲಿಗೆ ಬರುವುದನ್ನೇ ಕಾಯುವುದು. ಹೊಸ ಕ್ಯಾಮೆರಾದಲ್ಲೂ ಇದನ್ನು ಮಾಡಬಹುದು. ಆಟೊ ಬಟನ್ ಆಫ್ ಮಾಡುವ ಹಕ್ಕು ನಮ್ಮದೇ ಅಲ್ವಾ?

ಹಳೆಯದೂ ಹೊಸದೂ ಕೂಡುವ ಜಾಗವೂ ಒಂದಿದೆ. ಹಳೆಯ ಕ್ಯಾಮೆರಾಗಳಲ್ಲಿ ಲೆನ್ಸಿನ ಹಿಂದೆ ಕನ್ನಡಿ ಇತ್ತು. ಅದು ಎದ್ದು ಬೀಳಲು ಜಾಗ ಬೇಕು. ಹಾಗಾಗಿ ನಿಕಾನಿನಲ್ಲಿ ಲೆನ್ಸ್ ಕೂರುವ ಬಳೆಗೂ ಫಿಲ್ಮಿಗೂ 46.5 ಮಿಲಿಮೀಟರ್ ಅಂತರ. ಜೆನಿಟ್ ಬಳಸುವ ಎಂ42 ಎಂಬ ತಿರುಪಿನ ಲೆನ್ಸುಗಳಿಗೆ 45.46. ಮಿರರ್‌ಲೆಸ್‌ನಲ್ಲಿ ಕನ್ನಡಿಯೇ ಇಲ್ಲ. ಸೋನಿಯಲ್ಲಿ ಆ ಅಂತರ ಕೇವಲ 18. ಉಳಿದ ಜಾಗಕ್ಕೆ ಒಂದು ಖಾಲಿ ಬಳೆ, ಅಂದರೆ ಅಡಾಪ್ಟರ್, ಹಾಕಿದರೆ ಹಳೆಯ ಲೆನ್ಸ್ ಹೊಸ ಕ್ಯಾಮೆರಾದ ಮೇಲೆ ಕೂರುತ್ತದೆ. ಜೆನಿಟ್ ಜೊತೆ ಬರುತ್ತಿದ್ದ ಹೀಲಿಯೊಸ್ 58 ಮಿಲಿಮೀಟರ್ ಲೆನ್ಸನ್ನು ಪೂರ್ತಿ ತೆರೆದು ಮರದ ಮುಂದೆ ಒಬ್ಬರನ್ನು ನಿಲ್ಲಿಸಿ. ಹಿಂದಿನ ಎಲೆಗಳೆಲ್ಲ ಸುಳಿಯ ಹಾಗೆ ಸುತ್ತುತ್ತವೆ. ಲೆನ್ಸ್ ಮಾಡುವವರ ಲೆಕ್ಕದಲ್ಲಿ ಅದು ದೋಷ. ನಮಗೆ ಅದೇ ಬೇಕು. ಮನೆಯ ಅಟ್ಟದ ಮೇಲೆ ಕೆಟ್ಟ ಜೆನಿಟ್ ಇದ್ದರೆ ಎಸೆಯಬೇಡಿ. ಪೆಟ್ಟಿಗೆ ಕೆಟ್ಟರೂ ಲೆನ್ಸ್ ಬದುಕಿರುತ್ತದೆ.

ಕಂಪನಿಗಳಿಗೂ ಇದು ಅರ್ಥವಾಗಿದೆ. ನಿಕಾನ್ 2023ರಲ್ಲಿ ಜೆಡ್ಎಫ್ ತಂದಿತು. ಒಳಗೆ ಈ ಕಾಲದ ಸೆನ್ಸರ್, ಹೊರಗೆ ಎಫ್ಎಂ2ವಿನ ರೂಪ. ಪೆಂಟಾಕ್ಸ್ 2024ರಲ್ಲಿ 17 ಎಂಬ ಹೊಸ ಫಿಲ್ಮ್ ಕ್ಯಾಮೆರಾ ಬಿಡುಗಡೆ ಮಾಡಿತು. ಅರ್ಧ ಫ್ರೇಮಿನದು, ಮೂವತ್ತಾರರ ರೋಲಿಗೆ ಎಪ್ಪತ್ತೆರಡು ಚಿತ್ರ. ಫ್ಯೂಜಿಯ ಎಕ್ಸ್100 ಸರಣಿಯಲ್ಲಿ ಅಪರ್ಚರ್ ಬಳೆ, ಶಟರ್ ಗುಂಡಿ ಎಲ್ಲ ಬೆರಳಿಗೆ ಸಿಗುತ್ತವೆ. ಆದರೆ ರೂಪ ನೋಡಿ ದುಡ್ಡು ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಆ ಗುಂಡಿಗಳನ್ನು ತಿರುಗಿಸುವವರಿಗೆ ಅವು ಬೇಕು. ಎಲ್ಲವನ್ನೂ ಆಟೊದಲ್ಲಿ ಇಟ್ಟು ತೆಗೆಯುವುದಾದರೆ ಅರ್ಧ ಬೆಲೆಯ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಅಷ್ಟೇ ಒಳ್ಳೆಯ ಚಿತ್ರ ಕೊಡುತ್ತದೆ.

ಮೊಬೈಲ್? ಅದು ನಮ್ಮ ವೈರಿ ಅಲ್ಲ. ಒಮ್ಮೆ ಒತ್ತಿದರೆ ಹಲವು ಚಿತ್ರ ತೆಗೆದು, ಸೇರಿಸಿ, ನೆರಳನ್ನು ಬೆಳಗಿಸಿ ಒಂದು ಮಾಡಿ ಕೊಡುತ್ತದೆ. ನಿರ್ಧಾರದ ದೊಡ್ಡ ಪಾಲು ಅದರದ್ದು. ಬಾರಾ ಕಮಾನಿನ ಕಮಾನುಗಳ ನಡುವಿನ ನೆರಳು ಕಪ್ಪಾಗಿಯೇ ಇರಲಿ ಎಂದು ನಿಮಗೆ ಅನಿಸಿದರೆ ಆಗ ಅದರ ಜೊತೆ ಜಗಳ ಶುರುವಾಗುತ್ತದೆ. ಆ ಜಗಳ ಶುರುವಾದವರೇ ಕ್ಯಾಮೆರಾ ಕೊಳ್ಳಲು ಬರುವುದು.

ಹಳೆಯದನ್ನು ಕೊಳ್ಳುವವರಿಗೆ ಚಿಕ್ಕ ಸೂಚನೆ. ಲೆನ್ಸನ್ನು ಬೆಳಕಿಗೆ ಹಿಡಿದು ಜೇಡರ ಬಲೆಯಂಥ ಫಂಗಸ್ ಇದೆಯೇ ನೋಡಿ. ಅದು ತೇವದಲ್ಲಿ ಬೆಳೆಯುವಂಥದ್ದು, ನಮ್ಮ ಒಣ ಹವೆಯಲ್ಲಿ ಕಡಿಮೆ. ಧೂಳು ಮಾತ್ರ ನಮ್ಮಲ್ಲಿ ಹೆಚ್ಚು. ಗಾಳಿಯಲ್ಲಿ ನಿಂತು ಲೆನ್ಸ್ ಬದಲಿಸಬೇಡಿ. ಹಿಂಬಾಗಿಲಿನ ಸ್ಪಂಜು ಅಂಟಂಟಾಗಿದ್ದರೆ ಬೆಳಕು ನುಸುಳುತ್ತದೆ, ಅದನ್ನು ಬದಲಿಸಬಹುದು. ಪಾದರಸದ 1.35 ವೋಲ್ಟ್ ಬ್ಯಾಟರಿ ಕೇಳುವ ಕ್ಯಾಮೆರಾಗೆ ಈಗಿನ 1.5 ವೋಲ್ಟ್ ಹಾಕಿದರೆ ಮೀಟರ್ ತಪ್ಪು ಹೇಳಬಹುದು.

ಮಾತು ಮುಗಿದ ಮೇಲೆ ಕಾಲೇಜು ಹುಡುಗಿಯೊಬ್ಬಳು ಕೇಳಿದಳು: “ಸರ್, ನನ್ನ ಹತ್ರ ಒಂದೇ ಕ್ಯಾಮೆರಾಗೆ ಆಗುವಷ್ಟು ದುಡ್ಡಿದೆ. ಫಿಲ್ಮ್ ತಗೊಳ್ಲಾ, ಡಿಜಿಟಲ್ ತಗೊಳ್ಲಾ?” ಡಿಜಿಟಲ್ ತಗೋ ತಂಗಿ ಎಂದೆ. ರೋಲಿನ ಬೆಲೆ, ತೊಳೆಸುವ ಖರ್ಚು ಈಗ ಹಗುರವಲ್ಲ. ಹಳೆಯ ಡಿಎಸ್ಎಲ್ಆರ್ (ಕನ್ನಡಿ ಇರುವ ಡಿಜಿಟಲ್ ಕ್ಯಾಮೆರಾ) ಒಂದು, 50 ಮಿಲಿಮೀಟರ್ ಲೆನ್ಸ್ ಒಂದು. ಮ್ಯಾನ್ಯುಯಲ್‌ನಲ್ಲಿ ಇಟ್ಟು ತೆಗೆ. ತಪ್ಪಿದರೆ ಆಗಲೇ ತಿಳಿಯುತ್ತದೆ, ಖರ್ಚೂ ಇಲ್ಲ. ಫಿಲ್ಮ್ ಬೇಕೆನಿಸಿದ ದಿನ ನಮ್ಮಲ್ಲಿ ಯಾರ ಕ್ಯಾಮೆರಾ ಆದರೂ ಎರವಲು ಸಿಗುತ್ತದೆ.

ಹಿರಿಯರೊಬ್ಬರು ತಮ್ಮ ತಂದೆಯವರ ಕ್ಲಿಕ್ ಕ್ಯಾಮೆರಾ ತಂದಿದ್ದರು. ಹಿಂದಿನ ಕೆಂಪು ಕಿಟಕಿಯಲ್ಲಿ 7 ಎಂದು ಕಾಣುತ್ತಿತ್ತು. ಒಳಗೆ ರೋಲು ಹಾಗೇ ಇದೆ. “ಉಳಿದದ್ದನ್ನ ತೆಗೀಬಹುದೇನ್ರಿ?” ಎಂದು ಕೇಳಿದರು. ಬೇಡ್ರಿ ಯಜಮಾನರೇ ಎಂದೆ. ಆ ಫಿಲ್ಮಿನ ಶಕ್ತಿ ಇಳಿದಿರುತ್ತದೆ, ಈಗ ತೆಗೆದದ್ದು ಮೂಡುವ ಖಾತ್ರಿ ಇಲ್ಲ. ಮುಚ್ಚಳ ತೆರೆಯದೆ, ಫಿಲ್ಮಿನ ಬೆನ್ನಿಗಿರುವ ಕಾಗದ ಪೂರ್ತಿ ಸುತ್ತಿ ಮುಗಿಯುವವರೆಗೆ ಗುಂಡಿ ತಿರುಗಿಸಿ. ಆಮೇಲೆ ಕತ್ತಲೆ ಕೋಣೆಯಲ್ಲಿ ತೆಗೆದು, ಸಡಿಲವಾಗದಂತೆ ಟೇಪ್ ಅಂಟಿಸಿ, ಬೆಳಕು ತಾಗದ ಡಬ್ಬಿಯಲ್ಲಿಟ್ಟು ನನಗೆ ಕೊಡಿ. ಕಪ್ಪು ಬಿಳುಪು ಆಗಿದ್ದರೆ ಆಗ ತೆಗೆದ ಚಿತ್ರಗಳು ಸಿಗುವ ಆಸೆ ಇದೆ. ಮೊದಲು ತುದಿಯ ತುಂಡೊಂದನ್ನು ತೊಳೆದು ಸಮಯ ಗೊತ್ತು ಮಾಡಿಕೊಂಡು, ಆಮೇಲೆ ಉಳಿದದ್ದನ್ನು ತೊಳೆಯೋಣ.

ಬರುವ ಭಾನುವಾರ ಬೆಳಿಗ್ಗೆ ಇಬ್ರಾಹಿಂ ರೋಜಾದಲ್ಲಿ ಸೇರುತ್ತೇವೆ. ಅಲ್ಲಿ ಮಸೀದಿ ಪಶ್ಚಿಮಕ್ಕಿದೆ, ಸಮಾಧಿ ಪೂರ್ವಕ್ಕೆ. ಬೆಳಗಿನ ಬಿಸಿಲು ಮಸೀದಿಯ ಮುಖಕ್ಕೆ ಬೀಳುತ್ತದೆ, ಆದ್ದರಿಂದ ಮೊದಲು ಅಲ್ಲಿಂದ ಶುರು. ಯಾವ ಕ್ಯಾಮೆರಾ ಇದ್ದರೂ ತನ್ನಿ, ಮೊಬೈಲ್ ಆದರೂ ಸರಿ. ಟ್ರೈಪಾಡ್ ಮಾತ್ರ ಬೇಡ.